ನಾಲ್ಕು ಮೀಟರ್ ಮಳೆ, ಆದರೂ ಏಪ್ರಿಲ್‌ನಲ್ಲಿ ಟ್ಯಾಂಕರ್

2019ರ ಮೇ ತಿಂಗಳಲ್ಲಿ ಬಂಟ್ವಾಳ ತಾಲೂಕಿನ ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು, ಮಂಗಳೂರಿಗೆ ನೀರಿನ ರೇಷನಿಂಗ್ ಶುರುವಾಯ್ತು. ಅದೇ ವರ್ಷ ಆಗಸ್ಟ್ ಎರಡನೇ ವಾರ ಅದೇ ನೇತ್ರಾವತಿ ಬಂಟ್ವಾಳ ಪೇಟೆಯೊಳಗೇ ನುಗ್ಗಿತು. ಮೇಲೆ ಬೆಳ್ತಂಗಡಿ ಕಡೆ ಗುಡ್ಡ ಜರಿದು ತೋಟಗಳಿಗೆ ಮರಳು, ಮರ ಬಂದು ಬಿತ್ತು. ಚಾರ್ಮಾಡಿ ಘಾಟಿ ಬಂದ್. ಎರಡರ ನಡುವೆ ಇದ್ದದ್ದು ಮೂರೇ ತಿಂಗಳು. ಬಯಲುಸೀಮೆಯಿಂದ ಬಂದ ನಮ್ಮ ಗೆಳೆಯರು 'ಎಂಥದು ಮಾರಾಯ' ಅನ್ನಲು ಕಲಿತ ಮೇಲೆ ಕೇಳುವ ಮೊದಲ ಪ್ರಶ್ನೆಯೂ ಇದೇ: ಇಷ್ಟು ಮಳೆ ಬರುವ ಊರಲ್ಲಿ ಬೇಸಿಗೆಗೆ ಟ್ಯಾಂಕರ್ ಯಾಕೆ?

ಉತ್ತರ ಅಕ್ಷಾಂಶದಿಂದ ಶುರು ಮಾಡೋಣ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಸಮಭಾಜಕದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿವೆ. ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ: ಏಪ್ರಿಲ್ 25ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ. ಮೊದಲನೇ ಸಲ ನಡುಹಗಲಿಗೆ ಕಂಬದ ನೆರಳು ಬುಡದಲ್ಲೇ ಮಾಯವಾಗುವುದನ್ನು ನೋಡಬಹುದು. ಎರಡನೇ ಸಲ ನೋಡಲು ಸೂರ್ಯ ಕಾಣಬೇಕಲ್ಲ! ಬಿಸಿಲಿನ ಕೋನ ಒಂದೇ, ಆದರೂ ಏಪ್ರಿಲ್‌ನಲ್ಲಿ ಹಗಲಿಗೆ 33-34 ಡಿಗ್ರಿ, ಆಗಸ್ಟ್‌ನಲ್ಲಿ 28-29. ವ್ಯತ್ಯಾಸ ಮಾಡುವುದು ಮೋಡ ಮತ್ತು ಮಳೆ. ಅಂದಹಾಗೆ 34 ಡಿಗ್ರಿ ಏನು ಮಹಾ ಎನ್ನುವ ರಾಯಚೂರಿನವರಿಗೆ ನಮ್ಮ ಸೆಕೆ ಅರ್ಥವಾಗಲು ಒಂದು ವಾರ ಹಾಸ್ಟೆಲಿನಲ್ಲಿ ಮಲಗಿದರೆ ಸಾಕು. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ.

ಈಗ ಮಳೆಯ ವಿಷಯ. ಸಮಭಾಜಕದ ಹತ್ತಿರ ಕಾದ ಗಾಳಿ ಮೇಲೇರುವ ಒಂದು ಮಳೆಪಟ್ಟಿ ಉಂಟು. ಅದು ಸ್ವಲ್ಪ ತಡವಾಗಿ ಸೂರ್ಯನ ಬೆನ್ನು ಹಿಡಿದು ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುತ್ತದೆ. ಸಿಂಗಾಪುರ ಇರುವುದು ಸಮಭಾಜಕದಿಂದ ಒಂದೂಕಾಲು ಡಿಗ್ರಿ ಉತ್ತರಕ್ಕೆ. ಈ ಪಟ್ಟಿ ಅಲ್ಲಿಂದ ತುಂಬಾ ದೂರ ಹೋಗುವುದೇ ಇಲ್ಲ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 2100 ಮಿ.ಮೀ., ಆದರೆ ಸರಾಸರಿ ನೋಡಿದರೆ 100 ಮಿ.ಮೀ.ಗಿಂತ ಕಡಿಮೆಯ ತಿಂಗಳೇ ಇಲ್ಲ. ದಕ್ಷಿಣ ಕನ್ನಡದಲ್ಲಿ ಬೀಳುವುದು ಹೆಚ್ಚುಕಡಿಮೆ ಅದರ ಎರಡು ಪಟ್ಟು, ಸುಮಾರು 4000 ಮಿ.ಮೀ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಮಳೆಪಟ್ಟಿ ದಕ್ಷಿಣಕ್ಕೆ ಹೋದ ಮೇಲೆ ಗಾಳಿ ತಿರುಗಿ ಘಟ್ಟದಿಂದ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗುತ್ತದೆ, ಒಣಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಆಕಾಶ ನೋಡಿ ಪ್ರಯೋಜನವಿಲ್ಲ. ಅಂದರೆ ನಮ್ಮದು ಸಮಭಾಜಕದವರಿಗಿಂತ ದೊಡ್ಡ ಮಳೆ, ಆದರೆ ಕ್ಯಾಲೆಂಡರ್ ಬೇರೆ. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24-25ರ ಸುಮಾರಿಗೆ, ಪತ್ತನಾಜೆ ಬಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದೂ ಈ ಕ್ಯಾಲೆಂಡರ್ ನೋಡಿಯೇ.

ಇಷ್ಟು ನೀರು ಹೋಗುವುದಾದರೂ ಎಲ್ಲಿಗೆ? ಬೆಳ್ತಂಗಡಿಯ ನೆತ್ತಿಯ ಮೇಲೇ 1800 ಮೀಟರ್ ಮೀರಿದ ಕುದುರೆಮುಖ. ಅರಬ್ಬೀ ಸಮುದ್ರದ ತೇವದ ಗಾಳಿ ಈ ಗೋಡೆಗೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಸುರಿಯುತ್ತದೆ. ಅಲ್ಲಿ ಹುಟ್ಟುವ ನೇತ್ರಾವತಿಗೆ ಕಡಲು ಸೇರಲು ಇರುವುದು ಸುಮಾರು ನೂರು ಕಿ.ಮೀ. ದಾರಿ, ಅದೂ ಶುರುವಿನಲ್ಲಿ ಕಡಿದಾದ ಇಳಿಜಾರು. ಕೃಷ್ಣೆ, ಕಾವೇರಿಯ ಹಾಗೆ ವಾರಗಟ್ಟಲೆ ಹರಿಯುವ ಪುರುಸೊತ್ತು ಅದಕ್ಕಿಲ್ಲ. ಘಟ್ಟದಲ್ಲಿ ಜೋರು ಮಳೆ ಬಂದರೆ ಬಂಟ್ವಾಳಕ್ಕೆ ಗಂಟೆಗಳ ಲೆಕ್ಕದಲ್ಲಿ ಸುದ್ದಿ ಮುಟ್ಟುತ್ತದೆ. 1923 ಮತ್ತು 1974ರ ನೆರೆಗಳ ಮಾತು ಅಲ್ಲಿ ಇನ್ನೂ ಹಳತಾಗಿಲ್ಲ.

ನೆಲಕ್ಕೆ ಇಂಗಿದ ನೀರೂ ಬಹಳ ದಿನ ನಿಲ್ಲುವುದಿಲ್ಲ. ನಮ್ಮಡಿಯ ಮುರಕಲ್ಲು ತೂತುತೂತು. ಮಳೆಗಾಲದಲ್ಲಿ ಬಾವಿ ಕೈಗೆಟಕುವಷ್ಟು ತುಂಬುತ್ತದೆ, ಮಳೆ ನಿಂತ ಮೇಲೆ ನೀರು ಪಕ್ಕದ ಇಳಿಜಾರಿನಲ್ಲಿ ಜಿನುಗಿ ತೋಡು ಸೇರುತ್ತದೆ. ಮೂಡುಬಿದಿರೆಯಲ್ಲಿ 18 ಬಸದಿಗಳ ಜೊತೆ 18 ಕೆರೆಗಳ ಲೆಕ್ಕವನ್ನೂ ಹೇಳುವುದು ಬರೀ ಭಕ್ತಿಯ ಮಾತಲ್ಲ ಅಂತ ನಮ್ಮ ಅನಿಸಿಕೆ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರಂತೂ ಗುಡ್ಡದೊಳಗಿನ ನೀರನ್ನೇ ಹುಡುಕಿಕೊಂಡು ಹೋದವರು. ಒಬ್ಬರೇ ಸುರಂಗ ಕೊರೆದು, ನೀರು ಸಿಗದಾಗ ಇನ್ನೊಂದು ಕೊರೆದು, ಕೊನೆಗೆ ಬೋಳುಗುಡ್ಡದಲ್ಲಿ ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪಂಪಿಲ್ಲ, ಕರೆಂಟಿಲ್ಲ, ಗುರುತ್ವದಿಂದಲೇ ನೀರು ಹೊರಗೆ ಬರುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 10,000 ಚದರಡಿಯ ಹಾಸ್ಟೆಲ್ ಟೆರೇಸ್ ಅಂದರೆ ಸುಮಾರು 930 ಚದರ ಮೀಟರ್. ಅದರ ಮೇಲೆ 4 ಮೀಟರ್ ಮಳೆ ಬಿದ್ದರೆ 37 ಲಕ್ಷ ಲೀಟರ್. ಅರ್ಧ ಸೋರಿಹೋದರೂ ಬಾವಿ ಪಕ್ಕದ ಇಂಗುಗುಂಡಿಗೆ ಬೇಕಾದಷ್ಟಾಯ್ತು.

ಹಳ್ಳಿಗಳಲ್ಲಿ ಈ ಕೆಲಸ ಮಾಡುವುದು ಕಟ್ಟ. ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಸಲಾಕೆ ಹಾಕಿ ಕಟ್ಟುತ್ತಾರೆ. ಕಿಂಡಿ ಅಣೆಕಟ್ಟು ಇದ್ದರೆ ಹಲಗೆ ಇಳಿಸುತ್ತಾರೆ. ಇದರಲ್ಲಿ ಕಷ್ಟ ಇರುವುದು ದಿನ ನೋಡುವುದರಲ್ಲಿ. ಬೇಗ ಕಟ್ಟಿದರೆ ಹಿಂಗಾರಿನ ಒಂದೇ ಗುಡುಗು ಮಳೆಗೆ ಕೊಚ್ಚಿಹೋಗುತ್ತದೆ. ತಡ ಮಾಡಿದರೆ ತೋಡಿನಲ್ಲಿ ನಿಲ್ಲಿಸಲು ನೀರೇ ಉಳಿದಿರುವುದಿಲ್ಲ. ನವೆಂಬರ್ ಕೊನೆಗೆ ಕಾಲೇಜಿನ ಬಸ್ಸಿನಲ್ಲಿ ಹೋಗುವಾಗ ಸಂಕದ ಕೆಳಗೊಮ್ಮೆ ಇಣುಕಿ, ಹಲಗೆ ಹಾಕುವವರು ಕಂಡಾರು.