ಬಿಳಿ ಆರರಿಂದ ಶುರು ಮಾಡಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಭಜನೆಗಳಲ್ಲಿ ಪೇಟಿಯ ಪಕ್ಕಕ್ಕೆ ಈಗ ಕೀಬೋರ್ಡೂ ಬಂದು ಕೂತಿದೆ. ಜೊತೆಗೊಂದು ಪ್ರಶ್ನೆ: ‘ಕಾಕಾ, ಈ ಹಾಡು ಮೇಜರೋ ಮೈನರೋ?’ ಪೇಟಿ ನುಡಿಸುವ ಕಾಕಾನದು ಒಂದೇ ಮಾತು: ‘ಪಟ್ಟಿ ಕೇಳಪಾ, ಹೇಳ್ತೀನಿ. ಕಪ್ಪು ಒಂದು.’ ಪಟ್ಟಿ ಎಂದರೆ ಸಾ ಕೂರುವ ಮನೆ.

ಉತ್ತರ ಕಾಕಾನ ಬೆರಳ ಕೆಳಗೇ ಇದೆ. ಬಿಳಿ ಒಂದನ್ನು ಸಾ ಮಾಡಿಕೊಂಡು ಬಿಳಿ ಮನೆಗಳನ್ನಷ್ಟೇ ಒತ್ತುತ್ತ ಹೋದರೆ ಬಿಲಾವಲ ಥಾಟ್, ಅಂದರೆ ಸಿ ಮೇಜರ್. ಈಗ ಸಾ ಬಿಳಿ ಆರಕ್ಕೆ ಸರಿಯಲಿ. ಒಂದೂ ಕಪ್ಪು ಮನೆ ಮುಟ್ಟಿಲ್ಲ, ಆದರೂ ಹಾಡಿನ ಮುಖವೇ ಬೇರೆ. ಇದು ಎ ಮೈನರ್. ಹಿಂದೂಸ್ತಾನಿಯ ಅಸಾವರಿ ಥಾಟ್, ಕರ್ನಾಟಕ ಸಂಗೀತದ 20ನೇ ಮೇಳ ನಟಭೈರವಿ. ಬಿಳಿ ಮೂರರಿಂದ ಹೊರಟು ನೋಡಿ, ಹಿಂದೂಸ್ತಾನಿ ಕಛೇರಿ ಮುಗಿಸುವ ಭೈರವಿಯ ಸ್ವರಗಳೇ ಸಿಗುತ್ತವೆ!

ಗುಟ್ಟು ಗಂಧಾರದಲ್ಲಿದೆ. ಕಪ್ಪು-ಬಿಳಿ ಎಲ್ಲ ಸೇರಿಸಿ ಎಣಿಸಿ: ಬಿಳಿ ಒಂದರಿಂದ ಗಂಧಾರ ನಾಲ್ಕು ಮನೆ ದೂರ, ಬಿಳಿ ಆರರಿಂದ ಮೂರೇ ಮನೆ. ಆ ಒಂದು ಮನೆಯ ಇಳಿತವೇ ಮೈನರ್. ಪಾಶ್ಚಾತ್ಯರು ಇದರಲ್ಲೇ ನಿಷಾದವನ್ನು ಒಂದು ಮನೆ ಏರಿಸಿ ಕಪ್ಪು ನಾಲ್ಕಕ್ಕೆ ಒಯ್ಯುವುದುಂಟು. ಅಲ್ಲಿಂದ ಮೇಲಿನ ಸಾ ಅರ್ಧ ಸ್ವರದಷ್ಟೇ ದೂರವಾದ್ದರಿಂದ ಕಿವಿ ಅದನ್ನೇ ಕಾಯುತ್ತದೆ. ಆಗ ಅದು ನಮ್ಮ ಕೀರವಾಣಿ.

ಮೈನರ್ ಎಂದರೆ ದುಃಖ ಎಂಬ ಪಾಠವನ್ನು ಪೂರ್ತಿ ನಂಬಬೇಡಿ. ಹೋಳಿ ಹಾಡುವ ಕಾಫಿ ರಾಗದ ಗಂಧಾರವೂ ಹೀಗೆ ಇಳಿದದ್ದೇ, ಅಂದರೆ ಕೋಮಲವೇ.

ನನ್ನ ತಕರಾರು ಕೀಬೋರ್ಡಿನ ಮೇಲಲ್ಲ, ಹಲವು ಸ್ವರ ಒಟ್ಟಿಗೆ ಒತ್ತುವ ಕಾರ್ಡ್ ಮೇಲೆ. ಕಡಕೋಳ ಮಡಿವಾಳಪ್ಪನವರ, ಚೆನ್ನೂರ ಜಲಾಲಸಾಹೇಬರ ತತ್ವಪದಗಳಿಗೆ ಏಕತಾರಿಯ ಸಾ ಸಾಕು. ಅದರಲ್ಲಿ ಗಂಧಾರವೇ ಇಲ್ಲ. ಅದೇನಿದ್ದರೂ ಹಾಡುವವರ ಕೊರಳಿನದು. ಪದದ ಅರ್ಥಕ್ಕೆ ತಕ್ಕಂತೆ ಅವರು ಅದನ್ನು ತುಸು ಏರಿಸುತ್ತಾರೆ, ಜಾರಿಸುತ್ತಾರೆ, ಎರಡು ಮನೆಗಳ ನಡುವೆಯೇ ನಿಲ್ಲಿಸುತ್ತಾರೆ. ಕೀಬೋರ್ಡಿನ ಹುಡುಗ ಸಾ, ಕೋಮಲ ಗಾ, ಪಾ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದ ಕೂಡಲೇ ಆ ಜಾಗ ಮುಚ್ಚಿಹೋಗುತ್ತದೆ. ಕೊರಳು ಒಂದು ಕಡೆ, ಕೀಬೋರ್ಡು ಇನ್ನೊಂದು ಕಡೆ.

ತಮ್ಮಾ, ತತ್ವಪದಕ್ಕೆ ಸಾಥ್ ಕೊಡುವಾಗ ಹೆಬ್ಬೆರಳು ಸಾ ಮೇಲಿರಲಿ, ಕಿರುಬೆರಳು ಪಾ ಮೇಲಿರಲಿ. ನಡುಬೆರಳನ್ನು ಮಾತ್ರ ಎತ್ತಿಡು.