ಗೋಧಿಯಿಲ್ಲದ ಬಿಸ್ಕತ್ತು

ಕುಂದಾಪುರ ತಾಲೂಕಿನ ಸಿದ್ದಾಪುರದಂಥ ಘಟ್ಟದಡಿಯ ಊರುಗಳಲ್ಲಿ ಹಲಸಿನ ಹಣ್ಣು, ಅಕ್ಕಿ, ಬೆಲ್ಲ, ಏಲಕ್ಕಿಗಳಿಂದ ಕಡುಬು ಮಾಡುವುದು ಹಳೆಯ ರೂಢಿ. ಅದರಲ್ಲಿ ಗೋಧಿಯಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಇವು ಒಗ್ಗದ ಮಗುವಿಗೆ ಬಿಸ್ಕತ್ತು ಮಾಡಬಯಸುವವರಿಗೆ ಈ ಕಡುಬೇ ದಾರಿ ತೋರಬಲ್ಲದು.

ಒಗ್ಗದಿರುವುದೆಂದರೇನು? ದೇಹದ ರಕ್ಷಣಾ ವ್ಯವಸ್ಥೆಯು ಆಹಾರದ ನಿರುಪದ್ರವಿ ಪ್ರೋಟೀನನ್ನು ಶತ್ರುವೆಂದು ಭ್ರಮಿಸಿ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಸೂಸುತ್ತದೆ. ಆಗ ಮೈಮೇಲೆ ದದ್ದುಗಳೇಳುತ್ತವೆ; ಕೆಲವೊಮ್ಮೆ ಉಸಿರೇ ಕಟ್ಟುತ್ತದೆ. ‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ರಚಿಸಿದವರು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ.

ಗೋಧಿಯ ಗ್ಲುಟೆನ್ ಬಲೆಯಂತೆ ಹರಡಿ ಕಣಕವನ್ನು ಹಿಡಿದಿಡುತ್ತದೆ. ಮೊಟ್ಟೆಯ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಅದನ್ನು ಬಂಧಿಸುತ್ತದೆ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲದ ಕಾರಣ ಬರಿಯ ಅಕ್ಕಿಹಿಟ್ಟಿನ ಬಿಸ್ಕತ್ತು ಪುಡಿಪುಡಿಯಾಗುವುದು. ಬೆಲ್ಲದೊಡನೆ ಕಾಯಿಸಿದ ಹಲಸಿನ ತೊಳೆಯನ್ನಾಗಲಿ, ಹಿಸುಕಿದ ಬಾಳೆಹಣ್ಣನ್ನಾಗಲಿ ಬೆರೆಸಿದರೆ ಹಣ್ಣಿನ ಪೆಕ್ಟಿನ್ ಅಂಟಿನಂತೆ ವರ್ತಿಸುತ್ತದೆ. ಒಲೆಯ ಶಾಖಕ್ಕೆ ಅಕ್ಕಿಯ ಪಿಷ್ಟವೂ ನೀರು ಹೀರಿ ಉಬ್ಬಿ, ಆರಿದಾಗ ಗಟ್ಟಿಯಾಗುತ್ತದೆ. ಬೆಣ್ಣೆಯ ಬದಲು ತೆಂಗಿನೆಣ್ಣೆ, ಪರಿಮಳಕ್ಕೆ ಶುಂಠಿ, ಏಲಕ್ಕಿ ಸಾಕು.

ಆದರೆ ಎಚ್ಚರಿಕೆ ಬೇಕು. ಅಲರ್ಜಿ ತರುವ ಎಲ್ಲ ಪ್ರೋಟೀನುಗಳೂ ಶಾಖಕ್ಕೆ ನಾಶವಾಗುವುದಿಲ್ಲ; ಪಾತ್ರೆಗಂಟಿದ ಚಿಟಿಕೆ ಗೋಧಿಹಿಟ್ಟೂ ಅಪಾಯ ತರಬಹುದು. ಹಲಸು ಕೂಡ ಕೆಲವರಿಗೆ ಒಗ್ಗದು. ಮಗುವಿಗೆ ಯಾವುದು ವರ್ಜ್ಯವೆಂದು ವೈದ್ಯರಿಂದ ತಿಳಿದ ಮೇಲೆಯೇ ಒಲೆ ಹೊತ್ತಿಸುವುದು ಲೇಸು.