ಅಂಕವಿದೆ, ದಾರಿ ಹೇಳುವವರಿಲ್ಲ

ಹೆಬ್ಬೆಯ ಹೆಸರು ಕೇಳಿದೊಡನೆ ದೂರದವರಿಗೆ ನೆನಪಾಗುವುದು ಜಲಪಾತ. ಕೆಮ್ಮಣ್ಣುಗುಂಡಿಯಿಂದ ಸುಮಾರು 8 ಕಿಲೋಮೀಟರು ದೂರದಲ್ಲಿ, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಧುಮುಕುವ ಆ ನೀರನ್ನು ನೋಡಬಂದವರಿಗೆ ಕಾಡಿನ ಹಾದಿ ಬಲ್ಲ ಜೀಪಿನವರು ಸಿಗುತ್ತಾರೆ. ಅದೇ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಸರ್ಕಾರಿ ಪ್ರೌಢಶಾಲೆ ಮುಗಿಸಿದ ಮಕ್ಕಳಿಗೆ ಮುಂದಿನ ಓದಿನ ಹಾದಿ ಹೇಳುವವರು ಸಿಗುವುದು ಮಾತ್ರ ದುರ್ಲಭ.

ಕೆಲವು ವರ್ಷಗಳ ಹಿಂದೆ ತರೀಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ಗೃಹಪ್ರವೇಶದ ನಿಮಿತ್ತ ನಾವು ಹೋಗಿದ್ದೆವು. ಪ್ರಸಾದವಾದ ಮೇಲೆ ಅಡಿಕೆ ತೋಟದ ರೈತರೊಬ್ಬರು ಮಗಳನ್ನು ಕರೆತಂದು, “ಶಾಸ್ತ್ರಿಗಳೇ, ಹತ್ತನೇ ಕ್ಲಾಸಿನಲ್ಲಿ ಒಳ್ಳೇ ಅಂಕ ತೆಗೆದಿದ್ದಾಳೆ. ಮುಂದೆ ಏನು ಓದಿಸೋದು?” ಎಂದು ಕೇಳಿದರು. “ಏನಮ್ಮ, ನಿನಗೇನು ಇಷ್ಟ?” ಎಂದೆವು. “ತೋಟದ ವಿಷಯ ಓದಬೇಕು, ಅಜ್ಜಾರೆ” ಎಂದಳು. ನಾವು ಸಂತೋಷಪಟ್ಟು, ಚೆನ್ನಾಗಿ ಓದು ತಾಯಿ ಎಂದು ಹರಸಿ ಹೊರಟುಬಂದೆವು.

ಎರಡು ವರ್ಷಗಳ ತರುವಾಯ ಅದೇ ತಂದೆ ನಮ್ಮನ್ನು ಕಂಡು ಕಣ್ಣೀರಿಟ್ಟರು. ಕಂಪ್ಯೂಟರ್ ಓದಿದರೆ ಕೆಲಸ ಬೇಗ ಸಿಗುವುದೆಂದು ಪಟ್ಟಣದ ನೆಂಟರು ಹೇಳಿದ್ದರಿಂದ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದೊಡನೆ ಕಂಪ್ಯೂಟರ್ ವಿಜ್ಞಾನವನ್ನು ಆರಿಸಿದ್ದರು. ಜೀವಶಾಸ್ತ್ರ ಓದದೆ ತೋಟಗಾರಿಕೆಯ ಪದವಿಗೆ ಪ್ರವೇಶವಿಲ್ಲವೆಂಬುದು ಅವರಿಗೆ ತಿಳಿದದ್ದು ಅರ್ಜಿ ತುಂಬುವ ದಿನ. ಹುಡುಗಿಯ ಅಂಕಗಳಲ್ಲಿ ಕೊರತೆಯಿರಲಿಲ್ಲ. ಆಕೆ ಬೇರೊಂದು ಪದವಿಗೆ ಸೇರಿದಳು. ಅಂದಿನಿಂದ ನಮ್ಮನ್ನು ಒಂದು ಮಾತು ಬಾಧಿಸುತ್ತಿದೆ. ಆಶೀರ್ವಾದ ಮಾಡಿದ ನಾವು, ‘ಯಾವ ವಿಷಯಗಳನ್ನು ತೆಗೆದುಕೊಳ್ಳುತ್ತೀ?’ ಎಂಬ ಒಂದು ಪ್ರಶ್ನೆಯನ್ನು ಕೇಳಲಿಲ್ಲ.

ದೋಷ ಯಾರದು?

ಶಾಲೆಯ ಗುರುಗಳನ್ನು ದೂರಿ ಫಲವಿಲ್ಲ. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಇಷ್ಟೂ ಅವರ ಹೆಗಲ ಮೇಲಿವೆ. ಹತ್ತನೆಯ ತರಗತಿಯನ್ನು ದಾಟಿಸುವುದರಲ್ಲೇ ಅವರ ಶಕ್ತಿ ವ್ಯಯವಾಗುತ್ತದೆ. ಆಚೆಯ ದಡದಲ್ಲಿ ಕೈಹಿಡಿಯಬೇಕಾದವರು ಮನೆಯವರು. ಆದರೆ ಮನೆಯಲ್ಲಿ ಕಾಲೇಜು ಕಂಡವರೇ ಇಲ್ಲದಿದ್ದರೆ ಮಗು ಯಾರನ್ನು ಕೇಳಬೇಕು? ವಿದ್ಯೆಯ ಹಂಬಲ ನಮ್ಮ ಸೀಮೆಯವರಲ್ಲಿ ಕಡಿಮೆಯಿಲ್ಲ. 2001-02ರ ಸುಮಾರಿಗೆ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ಕುಟುಂಬಗಳು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಬಂದು ನೆಲೆಸಿದಾಗ, ಅವರು ಬಯಸಿದ ಸೌಕರ್ಯಗಳಲ್ಲಿ ಮಕ್ಕಳ ಶಾಲೆಯೂ ಒಂದಾಗಿತ್ತು. ಇರುವ ಕೊರತೆ ತಿಳಿವಳಿಕೆಯದು.

ಹಿರಿಯರು ನಡೆದ ಬಗೆ

ಈ ಕೊರತೆಯನ್ನು ನಮ್ಮ ಹಿರಿಯರು ಶತಮಾನದ ಹಿಂದೆಯೇ ಅರಿತಿದ್ದರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ 1903ರಲ್ಲಿ ಛತ್ರವನ್ನು ಕಟ್ಟಿಸಿದರು. ಅವರ ಧರ್ಮಸಂಸ್ಥೆಯ ಉಚಿತ ವಿದ್ಯಾರ್ಥಿನಿಲಯದಲ್ಲಿ ಹಳ್ಳಿಯ ಮಕ್ಕಳು ಇದ್ದು ಓದಿದರು. ಮುಂದೆ ಸಿದ್ಧಗಂಗೆಯ ಶ್ರೀಗಳಾಗಿ ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯವಿತ್ತು 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ತಮ್ಮ ಕಾಲೇಜು ದಿನಗಳಲ್ಲಿ ಅಲ್ಲಿಯೇ ಇದ್ದವರು. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ಮಠವು ಹಳ್ಳಿಹಳ್ಳಿಗೆ ಪ್ರೌಢಶಾಲೆಯನ್ನು ಒಯ್ದಿತು.

ಆ ನಿಲಯಗಳು ಊಟ, ಹಾಸಿಗೆಗಳ ಜೊತೆಗೆ ಇನ್ನೊಂದನ್ನು ಸದ್ದಿಲ್ಲದೆ ಕೊಟ್ಟವು. ಹೊಸದಾಗಿ ಬಂದ ಹುಡುಗನಿಗೆ ಹಿಂದಿನ ವರ್ಷ ಬಂದವನು ಅರ್ಜಿಯ ದಿನ, ಶುಲ್ಕ, ಪುಸ್ತಕ, ಉಪಾಧ್ಯಾಯರ ಸ್ವಭಾವ ಎಲ್ಲವನ್ನೂ ಹೇಳಿಕೊಡುತ್ತಿದ್ದನು. ಮಠದ ನಿಲಯದಲ್ಲಿ ಓದಿದ ನಾವು ಇದನ್ನು ಉಂಡು ಬಲ್ಲೆವು.

ಮನೆಯವರು ತಿಳಿದಿರಬೇಕಾದದ್ದು

ಮೊದಲನೆಯದು ವಿಷಯಗಳ ಆಯ್ಕೆ. ಗಣಿತ ಬಿಟ್ಟರೆ ಇಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆ. ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ, ಪಶುವೈದ್ಯ, ಕೃಷಿ, ತೋಟಗಾರಿಕೆಗಳ ಬಾಗಿಲು ಮುಚ್ಚುತ್ತದೆ. ಎರಡನ್ನೂ ಓದಿದರೆ ಎರಡೂ ತೆರೆದಿರುತ್ತವೆ, ಆದರೆ ಹೊರೆ ಹೆಚ್ಚು. ಎಲ್ಲರೂ ವಿಜ್ಞಾನವನ್ನೇ ಓದಬೇಕೆಂದಿಲ್ಲ. ಹತ್ತನೆಯ ತರಗತಿಯ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು. ಕಲೆ, ವಾಣಿಜ್ಯಗಳನ್ನು ಓದಿದವರಿಗೆ ಪದವಿಯ ನಂತರ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ ನಮ್ಮ ಮಗ್ಗುಲಲ್ಲೇ ಇದೆ.

ಎರಡನೆಯದು ಪ್ರಮಾಣಪತ್ರಗಳು. ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಆದರೆ 1ರಿಂದ 10ನೆಯ ತರಗತಿಯವರೆಗಿನ ಹತ್ತು ವರ್ಷವೂ ಹಾಗೆಯೇ ಓದಿರಬೇಕು. ಎಂಟನೆಯ ತರಗತಿಗೆ ಮಗುವನ್ನು ಪಟ್ಟಣದ ಶಾಲೆಗೆ ಹಾಕಿದರೆ ಗ್ರಾಮೀಣ ಹಕ್ಕು ಹೋಯಿತು. ಹಳ್ಳಿಯ ಶಾಲೆಯೆಂದು ಕೀಳಾಗಿ ಕಾಣುವ ತಂದೆತಾಯಿಗಳು ಇದನ್ನು ಯೋಚಿಸಬೇಕು. ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯುಳ್ಳ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ ಇವನ್ನು ಕೊನೆಯ ವಾರಕ್ಕೆ ಬಿಡದೆ ಮೊದಲೇ ಮಾಡಿಸಿಡಬೇಕು. ಎಲ್ಲ ಕಡೆಯೂ ಹೆಸರಿನ ಅಕ್ಷರಗಳು ಒಂದೇ ಬಗೆಯಾಗಿರಲಿ.

ಮೂರನೆಯದು ರೈತರ ಮಕ್ಕಳ ಹಕ್ಕು. ಕೃಷಿ, ತೋಟಗಾರಿಕೆ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲಿದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬಾಲ್ಯದಿಂದ ತೋಟದಲ್ಲಿ ಆಡಿದ ಮಗುವಿಗೆ ಅದು ಕಠಿಣವಲ್ಲ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜಿದೆ.

ನಾಲ್ಕನೆಯದು ಇಂಗ್ಲಿಷಿನ ಅಂಜಿಕೆ. ಕನ್ನಡದಲ್ಲಿ ಓದಿ ಜಾಣರೆನಿಸಿದವರು ಪಿ.ಯು.ಸಿ.ಯ ಮೊದಲ ತಿಂಗಳುಗಳಲ್ಲಿ ಪಾಠ ಅರ್ಥವಾಗದೆ ಕುಗ್ಗಿ, ಓದನ್ನೇ ಬಿಟ್ಟದ್ದನ್ನು ನಾವು ಕಂಡಿದ್ದೇವೆ. ಪರೀಕ್ಷೆ ಮುಗಿದ ಬೇಸಗೆಯಲ್ಲಿ ವಿಜ್ಞಾನ, ಗಣಿತಗಳ ಪದಗಳನ್ನು ಎರಡೂ ಭಾಷೆಗಳಲ್ಲಿ ದಿನಕ್ಕೆ ಹತ್ತರಂತೆ ಬರೆದು ಕಲಿತರೆ ಅರ್ಧ ಅಂಜಿಕೆ ಕಳೆಯುತ್ತದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಲು ಅವಕಾಶವಾಗಿದೆ ಎಂಬುದೂ ತಿಳಿದಿರಲಿ.

ಐದನೆಯದು ಇರುವ ಜಾಗ. ಮಠಗಳ ನಿಲಯಗಳಲ್ಲದೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳೂ ಇವೆ. ಅಲ್ಲಿ ಸ್ಥಳ ಸಿಗದವರಿಗೆ ‘ವಿದ್ಯಾಸಿರಿ’ ಯೋಜನೆಯ ನೆರವುಂಟು. ದೂರದ ಕಾಲೇಜೆಂಬ ಒಂದೇ ಕಾರಣಕ್ಕೆ ಹೆಣ್ಣುಮಗಳ ಓದನ್ನು ನಿಲ್ಲಿಸುವ ಮುನ್ನ ಇವನ್ನು ವಿಚಾರಿಸಿರಿ.

ನಮ್ಮ ಪ್ರಾರ್ಥನೆ

ಪ್ರತಿ ಊರಿನಲ್ಲಿಯೂ ಕಾಲೇಜು ಓದಿದ ಒಬ್ಬ ಮಗನೋ ಮಗಳೋ ಈಗ ಇದ್ದೇ ಇದ್ದಾರೆ. ಬಸವ ಜಯಂತಿಯ ಹೊತ್ತಿಗೆ ಫಲಿತಾಂಶದ ಕಾಲವೂ ಸಮೀಪಿಸಿರುತ್ತದೆ. ಆ ದಿನ ಪೂಜೆ, ಪ್ರಸಾದಗಳಾದ ಮೇಲೆ ಒಂದು ಗಂಟೆ ಅವರು ಊರ ಗುಡಿಯ ಜಗುಲಿಯಲ್ಲಿ ಕುಳಿತು, ಹತ್ತನೆಯ ತರಗತಿಯ ಮಕ್ಕಳನ್ನೆಲ್ಲ ಜಾತಿಮತ ಎಣಿಸದೆ ಕರೆದು, ತಾವು ಎಡವಿದ್ದೆಲ್ಲಿ ಎಂಬುದನ್ನು ಹೇಳಲಿ. ಇದಕ್ಕೆ ಹಣ ಬೇಕಿಲ್ಲ. ಇದೂ ದಾಸೋಹವೇ.

ಅಂದು ತೋಟದ ವಿಷಯ ಓದಲು ಬಯಸಿದ್ದ ಹುಡುಗಿ ಈಗ ಊರಿನ ಮಕ್ಕಳ ಅರ್ಜಿಗಳನ್ನು ತಾನೇ ಕುಳಿತು ತುಂಬಿಸಿಕೊಡುತ್ತಾಳೆಂದು ಆಕೆಯ ತಂದೆ ಮೊನ್ನೆ ತಿಳಿಸಿದರು. ನಾವು ಕೇಳದೆ ಬಿಟ್ಟ ಪ್ರಶ್ನೆಯನ್ನು ಆಕೆ ಎಲ್ಲರನ್ನೂ ಮೊದಲು ಕೇಳುತ್ತಾಳಂತೆ. ಇಂಥವರೊಬ್ಬರು ಪ್ರತಿ ಊರಿಗೂ ದೊರೆಯಲೆಂದು ಹಾರೈಸುತ್ತೇವೆ.